ಕೌನ್ಸಿಲ್ಲೇ ತವರಾದ ಹೆಣ್ಣುಮಕ್ಕಳು

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಚುನಾವಣೆ ಗೆದ್ದವರಿಗೆ ರಸ್ತೆ ಗುಂಡಿ, ಕಸ, ಗ್ರಂಥಾಲಯ, ಪಾರ್ಕುಗಳ ಜೊತೆಗೆ ಇನ್ನೊಂದು ಹೊಣೆಯೂ ಅಂಟಿಕೊಳ್ಳುತ್ತದೆ. ಹೊಡೆತ, ನಿರ್ಲಕ್ಷ್ಯ, ಕುಡಿತ ಮುಂತಾದ ಕಾರಣಗಳಿಂದ ಹೆತ್ತವರ ಬಳಿ ಇರಲಾಗದ ಮಕ್ಕಳಿಗೆ ಆ ಕೌನ್ಸಿಲ್ಲೇ ತಂದೆತಾಯಿ. ಇದು ಭಾಷಣದ ಮಾತಲ್ಲ. 1998ರಲ್ಲಿ ಆಗಿನ ಆರೋಗ್ಯ ಸಚಿವ ಫ್ರಾಂಕ್ ಡಾಬ್ಸನ್ ದೇಶದ ಕೌನ್ಸಿಲರುಗಳಿಗೆಲ್ಲ ಪತ್ರ ಬರೆದರು. ನಿಮ್ಮ ಸುಪರ್ದಿಯಲ್ಲಿರುವ ಮಕ್ಕಳಿಗೆ ಸಿಗುತ್ತಿರುವುದು ನಿಮ್ಮ ಸ್ವಂತ ಮಕ್ಕಳಿಗೆ ಸಿಕ್ಕಿದ್ದರೆ ಒಪ್ಪುತ್ತಿದ್ದಿರಾ ಎಂಬುದು ಅದರ ಸಾರ. ‘ಕಾರ್ಪೊರೇಟ್ ಪೇರೆಂಟ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಆ ದಿನಗಳಲ್ಲಿ. ಮುಂದೆ 2017ರ ಮಕ್ಕಳು ಮತ್ತು ಸಮಾಜಕಾರ್ಯ ಕಾಯ್ದೆ ಈ ಪೋಷಕತ್ವದ ಏಳು ತತ್ವಗಳನ್ನು ಕಾನೂನಿಗೇ ಸೇರಿಸಿತು. ಮಕ್ಕಳ ಹೊಣೆ ಹೊತ್ತ ಇಂಥ ಸ್ಥಳೀಯ ಪ್ರಾಧಿಕಾರಗಳು ಇಂಗ್ಲೆಂಡಿನಲ್ಲಿ 153 ಇವೆ. ಅವುಗಳ ಆಸರೆಯಲ್ಲಿ 80 ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಇವರಲ್ಲಿ ಹೆಚ್ಚಿನವರು ಬೆಳೆಯುವುದು ಅನಾಥಾಲಯದಲ್ಲಲ್ಲ, ಕೌನ್ಸಿಲ್ ಗೊತ್ತುಮಾಡಿ ಭತ್ಯೆ ಕೊಡುವ ಸಾಕು ಕುಟುಂಬಗಳಲ್ಲಿ.

ಈ ಸರ್ಕಾರಿ ತಂದೆತಾಯಿ ಮಕ್ಕಳನ್ನು ಬೆಳೆಸುವುದನ್ನು ಹೇಗೋ ಕಲಿತರು. ಹದಿನೆಂಟು ತುಂಬಿದವರನ್ನು ಬೀದಿಗೆ ಬಿಡಬಾರದು ಎಂಬುದನ್ನೂ ತಡವಾಗಿಯಾದರೂ ಕಲಿತರು. ಆದರೆ ಆ ಮಕ್ಕಳಿಗೆ ಮಕ್ಕಳಾದಾಗ ಏನು ಮಾಡಬೇಕು ಎಂಬುದು ಅವರಿಗೆ ಇನ್ನೂ ಗೊತ್ತಾಗಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಬರುತ್ತಾಳೆ. ಎಣ್ಣೆ ನೀರು, ಪಥ್ಯ, ಮಗುವಿನ ಸ್ನಾನ ಎಲ್ಲವೂ ಅಮ್ಮನ ಜವಾಬ್ದಾರಿ. ಕೌನ್ಸಿಲ್ಲೇ ತವರಾದ ಹುಡುಗಿಗೆ ಬಾಣಂತನ ಮಾಡುವವರು ಯಾರು? ಈ ಪ್ರಶ್ನೆಗೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಸಿಕ್ಕಿರುವ ಉತ್ತರಗಳನ್ನು ನೋಡುತ್ತ ಹೋದರೆ ಮನಸ್ಸಿಗೆ ಅಷ್ಟೇನೂ ಹಿತವಾಗುವುದಿಲ್ಲ.

ಮೊದಲು ಹದಿನೆಂಟರ ಗಡಿಯ ಕಥೆ. 1989ರ ಮಕ್ಕಳ ಕಾಯ್ದೆಯಲ್ಲಿ ಕೌನ್ಸಿಲ್ ಆರೈಕೆಯಿಂದ ಹೊರಬಂದವರಿಗೆ ಸಲಹೆ ಕೊಡಿ, ನೆರವಾಗಿ, ಸ್ನೇಹದಿಂದ ನೋಡಿಕೊಳ್ಳಿ ಎಂಬ ಮಾತಿತ್ತು. ಎಷ್ಟು, ಯಾವಾಗ, ಯಾರು ಎಂಬ ಖಚಿತ ಕಟ್ಟುಪಾಡು ಇರಲಿಲ್ಲ. ಹದಿನಾರು, ಹದಿನೇಳಕ್ಕೇ ಒಂದು ಕೋಣೆ ಕೊಟ್ಟು ಕೈ ತೊಳೆದುಕೊಳ್ಳುವುದು ನಡೆದೇ ಇತ್ತು. 2000ದ ಕಾಯ್ದೆ, ಅಂದರೆ ಆರೈಕೆ ತೊರೆಯುವ ಮಕ್ಕಳಿಗೆಂದೇ ಮಾಡಿದ ಕಾನೂನು, 2001ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೇಲೆ ಪ್ರತಿಯೊಬ್ಬರಿಗೂ ಒಬ್ಬ ಪರ್ಸನಲ್ ಅಡ್ವೈಸರ್ ಮತ್ತು ಬರಹದಲ್ಲಿ ಒಂದು ‘ಪಾಥ್‌ವೇ ಪ್ಲಾನ್’ ಬಂತು. ಎಲ್ಲಿ ವಾಸ, ಏನು ಓದು, ಖರ್ಚಿಗೆ ಏನು ದಾರಿ ಎಂಬುದನ್ನೆಲ್ಲ ಕೌನ್ಸಿಲ್ ಯುವಕ ಅಥವಾ ಯುವತಿಯ ಜೊತೆ ಕುಳಿತು ಬರೆಯಬೇಕು, ಆಗಾಗ ತಿದ್ದಬೇಕು. 2014ರಲ್ಲಿ ಇನ್ನೊಂದು ಹೆಜ್ಜೆ: ಸಾಕು ಕುಟುಂಬಕ್ಕೂ ಹುಡುಗನಿಗೂ ಒಪ್ಪಿಗೆಯಿದ್ದರೆ ಇಪ್ಪತ್ತೊಂದರವರೆಗೆ ಅದೇ ಮನೆಯಲ್ಲಿ ಉಳಿಯಬಹುದು. 2017ರ ಕಾಯ್ದೆ ಅಡ್ವೈಸರ್ ಸೌಲಭ್ಯವನ್ನು ಬಯಸಿದವರೆಲ್ಲರಿಗೂ ಇಪ್ಪತ್ತೈದರವರೆಗೆ ವಿಸ್ತರಿಸಿತು. ಸ್ಕಾಟ್ಲೆಂಡ್ 2014ರ ತನ್ನ ಕಾಯ್ದೆಯಲ್ಲೇ ಇಪ್ಪತ್ತಾರರವರೆಗಿನ ನೆರವಿಗೆ ದಾರಿ ಮಾಡಿತ್ತು.

ಕಾಗದದ ಮೇಲೆ ಇದು ಸಣ್ಣ ಸಾಧನೆಯಲ್ಲ. ಹೊಸ ಮನೆ ಹೂಡಲು ಕೊಡುವ ಒಂದೇ ಸಲದ ಭತ್ಯೆ 2023ರಲ್ಲಿ 2,000 ಪೌಂಡಿನಿಂದ 3,000 ಪೌಂಡಿಗೆ ಏರಿತು. ಮಂಚ, ಕುಕ್ಕರ್, ಫ್ರಿಜ್, ಪರದೆ, ಪಾತ್ರೆ ಎಲ್ಲ ಅದರಲ್ಲೇ ಆಗಬೇಕು. ವಿಶ್ವವಿದ್ಯಾಲಯ ಸೇರಿದರೆ 2,000 ಪೌಂಡಿನ ಸಹಾಯಧನವಿದೆ. ಇಷ್ಟಿದ್ದೂ 19ರಿಂದ 21ರ ವಯಸ್ಸಿನ ಇಂಥ ಯುವಜನರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಓದು, ಕೆಲಸ, ತರಬೇತಿ ಯಾವುದರಲ್ಲೂ ಇಲ್ಲ. ಅದೇ ವಯಸ್ಸಿನ ಉಳಿದವರಲ್ಲಿ ಈ ಪ್ರಮಾಣ ಎಂಟಕ್ಕೊಬ್ಬರಷ್ಟು.

ಅಂತರಕ್ಕೆ ಒಂದು ಕಾರಣ ಬಾಲ್ಯದ ಗಾಯ. ಅದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಕಾರಣ ಊರಿಂದೂರಿಗೆ ಬದಲಾಗುವ ಸವಲತ್ತು. ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಯನ್ನೇ ನೋಡಿ. ಸ್ಕಾಟ್ಲೆಂಡ್ 2018ರಿಂದ, ವೇಲ್ಸ್ 2019ರಿಂದ ಈ ಯುವಜನರಿಗೆ ಇಡೀ ದೇಶದಲ್ಲಿ ವಿನಾಯಿತಿ ಕೊಟ್ಟಿವೆ. ಇಂಗ್ಲೆಂಡಿನಲ್ಲಿ ಅದು ಆಯಾ ಕೌನ್ಸಿಲ್ಲಿನ ಮರ್ಜಿ. ಒಂದು ಕಡೆ ಪೂರ್ತಿ ಮಾಫಿ, ಪಕ್ಕದ ಊರಿನಲ್ಲಿ ಅರ್ಧ. ಸಾಕು ಮನೆ ಸಿಕ್ಕಿತೆಂದು ಬೇರೆ ಜಿಲ್ಲೆಗೆ ಕಳಿಸಿದ ಮಗು ಅಲ್ಲೇ ಬೆಳೆದು ನಿಂತರೆ ಎರಡು ಕೌನ್ಸಿಲ್ಲುಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ: ಹೊಣೆ ಹೊತ್ತದ್ದು ಒಂದು, ಮನೆ ಕೊಡಬೇಕಾದದ್ದು ಇನ್ನೊಂದು. ಎಲ್ಲ ಕೌನ್ಸಿಲ್ಲುಗಳೂ ತಮ್ಮ ‘ಲೋಕಲ್ ಆಫರ್’ ಏನೆಂದು ಪ್ರಕಟಿಸಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ಪ್ರಕಟಿಸುವುದು ಕಡ್ಡಾಯ, ಇಂತಿಷ್ಟು ಕೊಡಲೇಬೇಕೆಂಬುದು ಕಡ್ಡಾಯವಲ್ಲ. ಅತ್ತ ಕೌನ್ಸಿಲ್ಲುಗಳ ಖಜಾನೆ ಬರಿದಾಗುತ್ತಿದೆ. 2023ರಲ್ಲಿ ಬರ್ಮಿಂಗ್‌ಹ್ಯಾಮಿನಂಥ ದೊಡ್ಡ ನಗರದ ಕೌನ್ಸಿಲ್ಲೇ ಲೆಕ್ಕ ಸರಿದೂಗಿಸಲಾಗದೆ ಕೈ ಚೆಲ್ಲಿತು. ಇಂಥ ಹೊತ್ತಿನಲ್ಲಿ ಕತ್ತರಿ ಮೊದಲು ಬೀಳುವುದು ಐಚ್ಛಿಕ ಖರ್ಚಿನ ಮೇಲೆ.

ಕೇಂದ್ರ ಸರ್ಕಾರದ ಕೈಯೂ ಬಿಗಿ. ನಿರುದ್ಯೋಗಿಗಳಿಗೂ ಕಡಿಮೆ ಆದಾಯದವರಿಗೂ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ 25 ತುಂಬದವರಿಗೆ ದರ ಕಡಿಮೆ. 2024–25ರಲ್ಲಿ ಒಂಟಿ ವ್ಯಕ್ತಿಗೆ ತಿಂಗಳಿಗೆ 25 ದಾಟಿದ್ದರೆ 393 ಪೌಂಡ್, ದಾಟದಿದ್ದರೆ 311. ಚಿಕ್ಕವರು ಅಪ್ಪ ಅಮ್ಮನ ಮನೆಯಲ್ಲಿ ಇರುತ್ತಾರಲ್ಲ ಎಂಬುದು ಇದರ ಹಿಂದಿನ ತರ್ಕ. ಅಪ್ಪ ಅಮ್ಮ ಇಲ್ಲದವರಿಗೂ ಅದೇ ದರ. ಹಿಂದಿನ ವ್ಯವಸ್ಥೆಯಲ್ಲಿ 18 ದಾಟಿದ ಒಂಟಿ ತಾಯಿಗೆ ದೊಡ್ಡವರ ದರ ಸಿಗುತ್ತಿತ್ತು. ಹೊಸದರಲ್ಲಿ ಮಗುವಿನ ಬಾಬತ್ತು ಬೇರೆಯಾಗಿ ಬಂದರೂ ತಾಯಿಯ ಪಾಲಿನ ದರ ಮಾತ್ರ ಕೆಳಗಿನದೇ. ಇಲ್ಲಿಗೆ ಮಗುವಿನ ವಿಷಯ ಬಂತು.

ಕೌನ್ಸಿಲ್ ಆರೈಕೆಯಲ್ಲಿ ಬೆಳೆದ ಇಪ್ಪತ್ತರ ಹುಡುಗಿಯೊಬ್ಬಳು ಬಸುರಿಯಾದಳೆಂದು ಇಟ್ಟುಕೊಳ್ಳೋಣ. ಆಕೆ ಮೊದಲು ಫೋನ್ ಮಾಡುವುದು ತನ್ನ ಅಡ್ವೈಸರ್‌ಗೆ. ಅವರು ಒಳ್ಳೆಯವರು, ವರ್ಷಗಳಿಂದ ಪರಿಚಯ. ಆದರೆ ಅವರು ಕೂರುವ ಕಟ್ಟಡದಲ್ಲೇ, ಅದೇ ಇಲಾಖೆಯ ಇನ್ನೊಂದು ಮೇಜಿನಲ್ಲಿ, ಹುಟ್ಟಲಿರುವ ಮಗು ಈ ತಾಯಿಯ ಬಳಿ ಸುರಕ್ಷಿತವೇ ಎಂದು ಪರಿಶೀಲಿಸುವ ತಂಡವಿದೆ. ಇದಕ್ಕೆ ಪ್ರಸವಪೂರ್ವ ಮೌಲ್ಯಮಾಪನ ಎನ್ನುತ್ತಾರೆ. ಮೌಲ್ಯಮಾಪನ ಮಾಡುವ ಸೋಷಿಯಲ್ ವರ್ಕರ್ ಮೊದಲು ತೆರೆಯುವುದು ಹುಡುಗಿಯದೇ ಬಾಲ್ಯದ ಕಡತ. ಒಂಬತ್ತನೇ ವಯಸ್ಸಿನಲ್ಲಿ ಯಾರಿಗೋ ಹೊಡೆದದ್ದು, ಹದಿಮೂರರಲ್ಲಿ ಸಾಕು ಮನೆಯಿಂದ ಓಡಿಹೋದದ್ದು, ಹದಿನೈದರಲ್ಲಿ ಕೈ ಕುಯ್ದುಕೊಂಡದ್ದು ಎಲ್ಲ ತಾರೀಖು ಸಮೇತ ಅಲ್ಲಿರುತ್ತದೆ. ಮನೆಯಲ್ಲಿ ಬೆಳೆದವರ ಹದಿಹರೆಯದ ಹುಚ್ಚಾಟಗಳಿಗೆ ದಾಖಲೆ ಇರುವುದಿಲ್ಲ. ಇದ್ದರೂ ಅಮ್ಮನ ಬಾಯಲ್ಲಿ ತಮಾಷೆಯ ಕಥೆಯಾಗಿ ಇರುತ್ತದೆ. ಇಲ್ಲಿ ಅದೇ ಅಪಾಯದ ಸೂಚನೆ.

ಅನುಮಾನ ಉಳಿದರೆ ತಾಯಿ ಮತ್ತು ಮಗುವನ್ನು ಒಟ್ಟಿಗೇ ಒಂದು ಸಾಕು ಕುಟುಂಬದಲ್ಲಿ ಇರಿಸುವ ಪದ್ಧತಿಯಿದೆ. ಕೇಳಲು ಇದಕ್ಕಿಂತ ಒಳ್ಳೆಯ ಬಾಣಂತನ ಇಲ್ಲ. ಅನುಭವಿ ಹೆಂಗಸೊಬ್ಬರು ಹಾಲೂಡಿಸುವುದು, ಸ್ನಾನ ಮಾಡಿಸುವುದು, ರಾತ್ರಿ ಅಳು ನಿಲ್ಲಿಸುವುದನ್ನು ಹೇಳಿಕೊಡುತ್ತಾರೆ. ಆದರೆ ದಿನ ಮುಗಿದ ಮೇಲೆ ಅವರೇ ಡೈರಿ ಬರೆಯಬೇಕು: ಮಗು ಅತ್ತಾಗ ತಾಯಿ ಎದ್ದಳೇ, ಬಾಟಲಿ ಸರಿಯಾಗಿ ತೊಳೆದಳೇ, ಫೋನ್ ಹಿಡಿದು ಕೂತಿದ್ದಳೇ. ಆ ಡೈರಿ ಮುಂದೆ ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಬರಬಹುದು. ಸಾಮಾನ್ಯವಾಗಿ ಹನ್ನೆರಡು ವಾರಗಳಷ್ಟು ಕಾಲ ಇಂಥ ಮೌಲ್ಯಮಾಪನ ನಡೆಯುತ್ತದೆ. ಹೆರಿಗೆಯಾದ ಮೂರನೇ ವಾರ ನಿದ್ದೆಗೆಟ್ಟು, ಸುಸ್ತಾಗಿ, ಮಗುವಿನ ಮೇಲೆ ಒಮ್ಮೆ ರೇಗದ ತಾಯಿ ಯಾರಿದ್ದಾರೆ? ತವರಿನಲ್ಲಿ ರೇಗಿದರೆ ಅಜ್ಜಿ ಮಗುವನ್ನೆತ್ತಿಕೊಂಡು ‘ಹೋಗು, ಮಲಕ್ಕೋ’ ಅನ್ನುತ್ತಾಳೆ, ಬರೆದಿಡುವುದಿಲ್ಲ.

ಹಾಗೆಂದು ಈ ಕಾವಲು ಪೂರ್ತಿ ಅನ್ಯಾಯ ಎನ್ನಲಾಗದು. ಬ್ರಿಟನ್ನಿನಲ್ಲಿ ಸೋಷಿಯಲ್ ವರ್ಕರ್ ಕಣ್ಣು ತಪ್ಪಿ ಮಕ್ಕಳು ಸತ್ತ ಪ್ರಕರಣಗಳಿವೆ. ಪ್ರತಿ ಸಲವೂ ಪತ್ರಿಕೆಗಳು ಅವರನ್ನು ಹರಿದು ಮುಕ್ಕಿವೆ. ಹೆದರಿದ ಇಲಾಖೆ ಬೇಗ ಕೈ ಹಾಕುತ್ತದೆ. ಫಲಿತಾಂಶ ಅಂಕಿಗಳಲ್ಲಿ ಕಾಣುತ್ತದೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಕ್ಯಾರೆನ್ ಬ್ರಾಡ್‌ಹರ್ಸ್ಟ್ ಮತ್ತು ಸಂಗಡಿಗರು ನ್ಯಾಯಾಲಯದ ದಾಖಲೆಗಳನ್ನು ಜಾಲಾಡಿ ಒಂದು ವಿಷಯ ತೋರಿಸಿದರು: ಒಂದು ಮಗುವಿನ ವಿಚಾರಣೆಗೆ ಒಳಗಾದ ತಾಯಂದಿರಲ್ಲಿ ನಾಲ್ವರಲ್ಲೊಬ್ಬಳು ಏಳು ವರ್ಷದೊಳಗೆ ಇನ್ನೊಂದು ಮಗುವಿನ ವಿಷಯದಲ್ಲಿ ಮತ್ತೆ ಅದೇ ಕಟಕಟೆಗೆ ಬರುತ್ತಾಳೆ. ಹೀಗೆ ಪದೇಪದೇ ಮಕ್ಕಳನ್ನು ಕಳೆದುಕೊಳ್ಳುವ ತಾಯಂದಿರಲ್ಲಿ ಸುಮಾರು ಶೇ 40ರಷ್ಟು ಮಂದಿ ತಾವೇ ಆರೈಕೆಯಲ್ಲಿ ಬೆಳೆದವರು. ವೇಲ್ಸ್‌ನಲ್ಲಿ ದತ್ತು ಹೋದ ಮಕ್ಕಳ ಹಿನ್ನೆಲೆ ನೋಡಿದ ಅಧ್ಯಯನವೊಂದರಲ್ಲಿ ಹೆತ್ತ ತಾಯಂದಿರಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನ, ತಂದೆಯರಲ್ಲಿ ಐದಕ್ಕೆ ಸುಮಾರು ಒಬ್ಬರು ಇದೇ ಹಿನ್ನೆಲೆಯವರು.

ಈ ಅಂಕಿಯನ್ನು ಎರಡು ರೀತಿ ಓದಬಹುದು. ಕೆಟ್ಟ ಬಾಲ್ಯ ಕೆಟ್ಟ ತಾಯ್ತನವನ್ನು ಹುಟ್ಟಿಸುತ್ತದೆ ಎಂಬುದು ಒಂದು. ಕಾವಲು ಹೆಚ್ಚಿದ್ದಲ್ಲಿ ತಪ್ಪೂ ಹೆಚ್ಚು ಕಾಣುತ್ತದೆ, ಆಸರೆ ಕಡಿಮೆ ಇದ್ದಲ್ಲಿ ತಪ್ಪು ಬೇಗ ಬೆಳೆಯುತ್ತದೆ ಎಂಬುದು ಇನ್ನೊಂದು. ಎರಡರಲ್ಲೂ ನಿಜವಿದೆ, ಆದರೆ ಇಲಾಖೆಗಳ ಕಿವಿಗೆ ಬಿದ್ದಿರುವುದು ಮೊದಲನೆಯದಷ್ಟೇ. ಕಾರ್ಡಿಫ್ ವಿಶ್ವವಿದ್ಯಾಲಯದ ಲೂಯಿಸ್ ರಾಬರ್ಟ್ಸ್ ವೇಲ್ಸ್‌ನ ಇಂಥ ಯುವ ಪೋಷಕರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ 2021ರಲ್ಲಿ ಒಂದು ಪುಸ್ತಕವನ್ನೇ ತಂದಿದ್ದಾರೆ. ಸ್ವಂತ ಮಗಳಿಗೆ ಮಗುವಾದರೆ ಯಾವ ತಂದೆತಾಯಿಯಾದರೂ ಏನು ಮಾಡುತ್ತಾರೋ ಅದನ್ನು ಕಾರ್ಪೊರೇಟ್ ಪೇರೆಂಟ್ ಏಕೆ ಮಾಡುವುದಿಲ್ಲ ಎಂಬ ಪ್ರಶ್ನೆ ಅವರ ಬರಹದ ಉದ್ದಕ್ಕೂ ಇದೆ. ನೆರವು ಕೇಳಲು ಹೋದರೆ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಹುಡುಗಿಯರು ಬಾಯಿ ಮುಚ್ಚಿಕೊಂಡಿರುವುದು ಸಹಜ. ಬಾಯಿ ಮುಚ್ಚಿಕೊಂಡರೆ ‘ಸಹಕರಿಸುತ್ತಿಲ್ಲ’ ಎಂದು ಕಡತದಲ್ಲಿ ಇನ್ನೊಂದು ಸಾಲು ಸೇರುತ್ತದೆ.

ಮಧ್ಯದ ದಾರಿ ಹುಡುಕಿದವರು ಇಲ್ಲದಿಲ್ಲ. ಅಮೆರಿಕದ ಡೇವಿಡ್ ಓಲ್ಡ್ಸ್ ರೂಪಿಸಿದ ಮಾದರಿಯಲ್ಲಿ 2007ರಿಂದ ಇಂಗ್ಲೆಂಡಿನಲ್ಲಿ ನರ್ಸ್ ಒಬ್ಬರು ಹದಿಹರೆಯದ ಚೊಚ್ಚಲ ತಾಯಿಯ ಮನೆಗೆ ಬಸಿರಿನಿಂದ ಹಿಡಿದು ಮಗುವಿಗೆ ಎರಡು ತುಂಬುವವರೆಗೆ ಹೋಗಿ ಬರುವ ಯೋಜನೆ ನಡೆಯಿತು. 2015ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಮೊದಲ ಎರಡು ವರ್ಷಗಳಲ್ಲಿ ಅಂದುಕೊಂಡ ಲಾಭ ಕಾಣಲಿಲ್ಲ ಎಂದಿತು. ಕೆಲವು ಕೌನ್ಸಿಲ್ಲುಗಳು ಅದನ್ನೇ ನೆಪ ಮಾಡಿಕೊಂಡು ಹಿಂದೆ ಸರಿದವು. 2013ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಶುರುವಾದ ‘ಪಾಝ್’ ಎಂಬ ಸಂಸ್ಥೆ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಕಳೆದುಕೊಂಡ ತಾಯಂದಿರ ಜೊತೆ ಒಬ್ಬೊಬ್ಬರಾಗಿ ಕೆಲಸ ಮಾಡುತ್ತದೆ. ಮನೆ, ಸಾಲ, ಗಂಡಿನ ಹೊಡೆತ, ಕುಡಿತ ಎಲ್ಲದರಲ್ಲೂ ಅವರ ಕೈ ಹಿಡಿಯುತ್ತದೆ. ಆದರೆ ಆರಂಭದಲ್ಲಿ ಅದಕ್ಕೊಂದು ಷರತ್ತಿತ್ತು: ನೆರವು ಪಡೆಯುವಷ್ಟು ದಿನ ದೀರ್ಘಾವಧಿಯ ಗರ್ಭನಿರೋಧಕ ಹಾಕಿಸಿಕೊಳ್ಳಬೇಕು. ನಿನ್ನ ಕಷ್ಟ ಕೇಳುತ್ತೇವೆ, ಆದರೆ ಬಸಿರಾಗಬೇಡ ಎಂಬ ಈ ಮಾತು ಎಷ್ಟು ಸರಿ ಎಂಬ ಬಗ್ಗೆ ಅಲ್ಲಿ ಜೋರು ಜಗಳವೇ ನಡೆಯಿತು. ನನಗಂತೂ ಆ ಷರತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮೊದಲ ಮಗುವಿನ ಹೊತ್ತಿಗೆ ಸಿಗಬೇಕಿದ್ದ ನೆರವು ಮೂರು ಮಕ್ಕಳು ಹೋದ ಮೇಲೆ ಸಿಗುವುದಾದರೆ ವ್ಯವಸ್ಥೆಯ ತಪ್ಪಿಗೆ ತಾಯಿ ದಂಡ ಕಟ್ಟಿದಂತೆ.

ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಮಕ್ಕಳ ಹೊಣೆ ಅಲ್ಲಿನ 58 ಕೌಂಟಿಗಳದು. ಇಡೀ ಅಮೆರಿಕಕ್ಕೆ ಅನ್ವಯಿಸುವ 2008ರ ಕಾಯ್ದೆಯೊಂದು ಇಪ್ಪತ್ತೊಂದರವರೆಗೆ ಆರೈಕೆ ಮುಂದುವರಿಸುವ ರಾಜ್ಯಗಳಿಗೆ ಹಣ ಕೊಡಲು ಒಪ್ಪಿತು. ಕ್ಯಾಲಿಫೋರ್ನಿಯಾ 2010ರಲ್ಲಿ ಶಾಸನ ಮಾಡಿ 2012ರಿಂದ ಅದನ್ನು ಜಾರಿಗೆ ತಂದಿತು. ಶಾಲೆ ಮುಗಿಸುತ್ತಿರಬೇಕು, ಕಾಲೇಜಿನಲ್ಲಿರಬೇಕು, ಕೆಲಸಕ್ಕೆ ದಾರಿ ಮಾಡುವ ತರಬೇತಿಯಲ್ಲಿರಬೇಕು, ಇಲ್ಲವೇ ತಿಂಗಳಿಗೆ ಕನಿಷ್ಠ 80 ಗಂಟೆ ದುಡಿಯುತ್ತಿರಬೇಕು. ಆರೋಗ್ಯ ಅಡ್ಡ ಬಂದರೆ ವಿನಾಯಿತಿ. ಸಾಕು ಮನೆ ಬೇಡವೆನ್ನುವವರಿಗೆ ಸ್ವಂತ ಬಾಡಿಗೆ ಕೋಣೆಗೆ ನೇರ ಹಣವೂ ಉಂಟು. ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳ ಏಳುನೂರಕ್ಕೂ ಹೆಚ್ಚು ಯುವಜನರನ್ನು 2002ರಿಂದ ಹಲವು ವರ್ಷ ಹಿಂಬಾಲಿಸಿದ ಮಾರ್ಕ್ ಕೋರ್ಟ್ನಿ ಅವರ ತಂಡ, ಇಪ್ಪತ್ತೊಂದರವರೆಗೆ ಉಳಿಯಲು ಬಿಟ್ಟ ಇಲಿನಾಯ್‌ನಲ್ಲಿ ಹೆಚ್ಚು ಮಂದಿ ಕಾಲೇಜು ಸೇರಿದ್ದನ್ನೂ ಎಳೆಯ ವಯಸ್ಸಿನ ಬಸಿರು ಕಡಿಮೆಯಾದದ್ದನ್ನೂ ಕಂಡಿತ್ತು. ಆ ಅಧ್ಯಯನ ಕ್ಯಾಲಿಫೋರ್ನಿಯಾದ ವಾದಕ್ಕೆ ಬೆನ್ನೆಲುಬಾಯಿತು.

ಬಸಿರು ಅಲ್ಲಿ ಅಪರೂಪದ ಸಂಗತಿಯಲ್ಲ. ಎಮಿಲಿ ಪಟ್ನಮ್-ಹಾರ್ನ್‌ಸ್ಟೀನ್ ಮತ್ತು ಬ್ರಿನ್ ಕಿಂಗ್ ಕ್ಯಾಲಿಫೋರ್ನಿಯಾದ ಜನನ ದಾಖಲೆಯನ್ನೂ ಮಕ್ಕಳ ರಕ್ಷಣಾ ದಾಖಲೆಯನ್ನೂ ಜೋಡಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹದಿನೇಳರಲ್ಲಿ ಫಾಸ್ಟರ್ ಕೇರ್‌ನಲ್ಲಿದ್ದ, ಅಂದರೆ ಸರ್ಕಾರಿ ಆರೈಕೆಯಲ್ಲಿದ್ದ, ಹುಡುಗಿಯರಲ್ಲಿ ಶೇ 28ರಷ್ಟು ಮಂದಿ ಇಪ್ಪತ್ತು ತುಂಬುವುದರೊಳಗೆ ತಾಯಂದಿರು. ಹೀಗಾಗಿ ರಾಜ್ಯ ಒಂದೊಂದಾಗಿ ಏರ್ಪಾಟು ಮಾಡಿಕೊಂಡಿತು. ತಾಯಿ ಆರೈಕೆಯಲ್ಲಿದ್ದು ಮಗು ಅವಳ ಜೊತೆಗಿದ್ದರೆ ಮಗುವಿನ ಖರ್ಚಿಗೆ ತಿಂಗಳಿಗೆ 900 ಡಾಲರ್. ತಾಯಿ ಮಗು ಇಬ್ಬರನ್ನೂ ಸೇರಿಸಿಕೊಳ್ಳುವ ‘ಇಡೀ ಕುಟುಂಬದ’ ಸಾಕು ಮನೆಗಳು. ಅಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ತಾಯಿಯೂ ಸಾಕು ತಾಯಿಯೂ ಕೂತು ಬರೆದುಕೊಂಡರೆ ಇನ್ನೂ 200 ಡಾಲರ್ ಸೇರುತ್ತದೆ. ಇದಕ್ಕಿಂತ ಮುಖ್ಯ ಕಾನೂನಿನ ಒಂದು ಸಾಲು: ತಾಯಿ ಅಥವಾ ತಂದೆಯ ವಯಸ್ಸು ಚಿಕ್ಕದು, ಅಥವಾ ಅವರು ಫಾಸ್ಟರ್ ಕೇರ್‌ನಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಮಗು ಅಪಾಯದಲ್ಲಿದೆ ಎಂದು ತೀರ್ಮಾನಿಸುವಂತಿಲ್ಲ. 2021ರ ತಿದ್ದುಪಡಿ ಇದಕ್ಕೆ ಹಲ್ಲು ಕೊಟ್ಟಿತು; ಇಂಥ ಪೋಷಕರ ಮಗುವಿನ ಬಗ್ಗೆ ದೂರು ಬಂದರೆ ಕೌಂಟಿ 36 ಗಂಟೆಯೊಳಗೆ ಪೋಷಕರ ವಕೀಲರಿಗೆ ತಿಳಿಸಬೇಕು. ನೆರವು ಕೊಡುವ ಕೈಯೂ ಮಗುವನ್ನು ಕಿತ್ತುಕೊಳ್ಳಬಲ್ಲ ಕೈಯೂ ಒಂದೇ ಆಗಿರುವುದರಿಂದ ನಡುವೆ ಮೂರನೆಯವರೊಬ್ಬರು ನಿಲ್ಲಬೇಕು ಎಂಬ ಅರಿವು ಈ ನಿಯಮದಲ್ಲಿದೆ. ಇಂಗ್ಲೆಂಡಿನಲ್ಲಿ ಇಂಥ ಮೂರನೆಯವರು ಸಿಗುವುದು ಕೆಲವು ಸ್ವಯಂಸೇವಾ ಸಂಸ್ಥೆಗಳ ಪುಣ್ಯದಿಂದ.

ಇಷ್ಟೆಲ್ಲದರ ನಡುವೆ ತಂದೆಯರು ಎಲ್ಲಿ? ಹೆಚ್ಚಿನ ಯೋಜನೆಗಳಲ್ಲಿ ಎಲ್ಲೂ ಇಲ್ಲ. ಆರೈಕೆಯಲ್ಲಿ ಬೆಳೆದ ಹುಡುಗನೊಬ್ಬ ಅಪ್ಪನಾದರೆ ಇಲಾಖೆ ಅವನನ್ನು ನೋಡುವುದು ಅಪಾಯವೆಂದು, ಇಲ್ಲವೇ ನೋಡುವುದೇ ಇಲ್ಲ. ತಾಯಿ ಮಗುವಿಗೆಂದು ಮಾಡಿದ ವಸತಿಗಳಲ್ಲಿ ಅವನು ಸಂದರ್ಶಕ ಮಾತ್ರ.

ಹಣವನ್ನೇ ನೇರವಾಗಿ ಕೈಗೆ ಕೊಟ್ಟು ನೋಡೋಣ ಎಂದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 2020ರಲ್ಲಿ ಫಾಸ್ಟರ್ ಕೇರ್ ದಾಟಿದ 72 ಯುವಜನರಿಗೆ ತಿಂಗಳಿಗೆ ಸಾವಿರ ಡಾಲರ್, ಯಾವ ಷರತ್ತೂ ಇಲ್ಲದೆ ಕೊಟ್ಟಿತು. ನಮ್ಮ ಎಷ್ಟೋ ಕನ್ನಡಿಗ ಸಾಫ್ಟ್‌ವೇರ್ ಕುಟುಂಬಗಳು ನೆಲೆಸಿರುವ ಸಿಲಿಕಾನ್ ಕಣಿವೆಯ ಕೌಂಟಿ ಅದು. ಬಾಡಿಗೆ ಗಗನಕ್ಕೇರಿದ ಆ ಊರಿನಲ್ಲಿ ಸಾವಿರ ಡಾಲರ್ ಎಷ್ಟಕ್ಕೆ ಬರುತ್ತದೆ ಎಂದು ಅಲ್ಲಿರುವವರಿಗೆ ಹೇಳಬೇಕಿಲ್ಲ. ವೇಲ್ಸ್ ಇದನ್ನು ದೇಶಮಟ್ಟದಲ್ಲಿ ಪ್ರಯೋಗಿಸಿತು. 2022ರ ಜುಲೈನಿಂದ ಒಂದು ವರ್ಷದ ಅವಧಿಯಲ್ಲಿ 18 ತುಂಬಿದ ಆರುನೂರಕ್ಕೂ ಹೆಚ್ಚು ಮಂದಿಗೆ ಎರಡು ವರ್ಷ ಕಾಲ ತೆರಿಗೆಗೆ ಮುನ್ನ ತಿಂಗಳಿಗೆ 1,600 ಪೌಂಡ್. ಇದು ಕೆಲಸಗಳ್ಳತನಕ್ಕೆ ದಾರಿ ಎಂದು ಗೊಣಗಿದವರು ಬಹಳ. ತಮ್ಮ ಮಕ್ಕಳಿಗೆ ಇಪ್ಪತ್ತೆಂಟರವರೆಗೆ ಬಾಡಿಗೆ ಕಟ್ಟಿಕೊಡುವ ತಂದೆತಾಯಿಯೂ ಆ ಗೊಣಗುವವರಲ್ಲಿ ಇದ್ದಿರಬೇಕು.

ಇನ್ನು ನಮ್ಮಲ್ಲಿ. ಸಂವಿಧಾನದ ಹನ್ನೊಂದನೇ ಅನುಸೂಚಿ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಯನ್ನು ಪಂಚಾಯಿತಿಗಳ ಬಾಬತ್ತಿಗೆ ಸೇರಿಸಿದೆಯಾದರೂ ಆಸರೆಯಿಲ್ಲದ ಮಕ್ಕಳ ಕೆಲಸ ನಡೆಯುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ. ಗ್ರಾಮ ಪಂಚಾಯಿತಿ ಸದಸ್ಯರನ್ನು ಯಾರೂ ಇಂಥ ಮಗುವಿನ ತಂದೆತಾಯಿ ಎನ್ನುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಹದಿನೆಂಟು ತುಂಬಿ ಬಾಲಮಂದಿರದಂಥ ಸಂಸ್ಥೆ ಬಿಟ್ಟವರಿಗೆ ಸಮಾಜದಲ್ಲಿ ನೆಲೆಯೂರಲು ಆರ್ಥಿಕ ನೆರವು ಕೊಡಬಹುದು ಎನ್ನುತ್ತದೆ. ಗಡಿ ಇಪ್ಪತ್ತೊಂದು, 2016ರ ಮಾದರಿ ನಿಯಮಗಳು ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ ಸೇರಿಸಲು ಒಪ್ಪುತ್ತವೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಇವರಿಗೆ ತಿಂಗಳಿಗೆ 4,000 ರೂಪಾಯಿ. ಯುನಿಸೆಫ್ ಜೊತೆ ಉದಯನ್ ಕೇರ್ ಸಂಸ್ಥೆ ಕರ್ನಾಟಕವೂ ಸೇರಿ ಐದು ರಾಜ್ಯಗಳ 435 ಯುವಜನರನ್ನು ಮಾತಾಡಿಸಿ 2019ರಲ್ಲಿ ಪ್ರಕಟಿಸಿದ ವರದಿಯ ಹೆಸರೇ ‘ಹದಿನೆಂಟರ ಆಚೆಗೆ’ ಎಂದು. ಕಾಯ್ದೆಯ ಆ ಕಲಮಿನಲ್ಲಿ ಅವರಿಗೆ ಹುಟ್ಟುವ ಮಕ್ಕಳ ಬಗ್ಗೆ ಒಂದಕ್ಷರವೂ ಇಲ್ಲ.

ವಿಚಿತ್ರವೆಂದರೆ ಇಂಗ್ಲೆಂಡಿನವರಿಗೆ ಹೊಳೆಯದ ಒಂದು ಕೆಲಸವನ್ನು ನಮ್ಮ ಸರ್ಕಾರ ಮಾಡುತ್ತ ಬಂದಿದೆ. ದಾವಣಗೆರೆಯ ರಾಜ್ಯ ಮಹಿಳಾ ನಿಲಯದಂಥ ಕಡೆಗಳಲ್ಲಿ ಆಸರೆಯಿಲ್ಲದ ಹೆಣ್ಣುಮಕ್ಕಳಿಗೆ ಮದುವೆ ಗೊತ್ತು ಮಾಡುತ್ತಾರೆ. ವರನ ಮನೆ, ಸಂಪಾದನೆ, ನಡತೆ ವಿಚಾರಿಸುತ್ತಾರೆ. ಚಪ್ಪರ, ಓಲಗ, ಅಕ್ಷತೆ ಎಲ್ಲ ಉಂಟು. ಜಿಲ್ಲಾಡಳಿತದ ಹಿರಿಯ ಅಧಿಕಾರಿಗಳು ತಂದೆಯ ಸ್ಥಾನದಲ್ಲಿ ನಿಂತು ಧಾರೆ ಎರೆಯುತ್ತಾರೆ. ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಗಂಡು ಹುಡುಕಿ ಕೊಟ್ಟರೆ ಹೊಣೆ ಮುಗಿಯಿತು ಎಂಬ ಧೋರಣೆ ಇದರಲ್ಲಿದೆ ಎಂದು ಟೀಕಿಸಬಹುದು, ಟೀಕಿಸಬೇಕು ಕೂಡ. ಆದರೂ ಅನುಮಾನದ ಕಡತವಿಲ್ಲದೆ, ಮನೆಯ ಮಗಳೆಂದು ಕಳಿಸಿಕೊಡುವ ಈ ರೀತಿಯಲ್ಲಿ ಇಂಗ್ಲೆಂಡಿನ ಯಾವ ಪಾಥ್‌ವೇ ಪ್ಲಾನಿನಲ್ಲೂ ಇಲ್ಲದ ಒಂದು ಸಲಿಗೆಯಿದೆ.

ಬಸುರಿಯಾದ ಮೇಲೆ ಆಕೆಗೆ ತಾಯಿ ಕಾರ್ಡ್, ಆಶಾ ಕಾರ್ಯಕರ್ತೆ, ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟ ಎಲ್ಲರಂತೆ ಸಿಗುತ್ತವೆ. ಸಿಗದಿರುವುದು ಹೋಗಿ ಇರಲು ಒಂದು ತವರು. ಅತ್ತೆ ಮನೆಯಲ್ಲಿ ಹೊಂದಿಕೆಯಾಗದಿದ್ದರೆ, ಗಂಡ ಬಿಟ್ಟರೆ, ಅಥವಾ ಏನೂ ತೊಂದರೆ ಇಲ್ಲದೆಯೂ ಐದು ತಿಂಗಳು ಅಮ್ಮನ ಮನೆಯಲ್ಲಿರಬೇಕು ಅನ್ನಿಸಿದರೆ, ಧಾರೆ ಎರೆದ ಅಧಿಕಾರಿ ಅಷ್ಟು ಹೊತ್ತಿಗೆ ವರ್ಗವಾಗಿ ಹೋಗಿರುತ್ತಾರೆ. ನಿಲಯದಲ್ಲಿ ಕೋಣೆಯಿದೆ, ಅಡುಗೆಯವರಿದ್ದಾರೆ, ಎಳೆ ಮಕ್ಕಳನ್ನು ನೋಡಿ ಪಳಗಿದ ಆಯಾಗಳಿದ್ದಾರೆ. ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳನ್ನು ಹೆರಿಗೆಗೆ ಕರೆತಂದು ಮೂರು ತಿಂಗಳು ಇರಿಸಿಕೊಳ್ಳಲು ಹೊಸ ಕಾಯ್ದೆ ಬೇಕಾಗದು, ಒಂದು ಸರ್ಕಾರಿ ಆದೇಶ ಸಾಕು. ಮಿಷನ್ ವಾತ್ಸಲ್ಯದ ದರದಲ್ಲೇ ಲೆಕ್ಕ ಹಾಕಿದರೂ ಒಂದು ಬಾಣಂತನಕ್ಕೆ ತಗಲುವುದು 12 ಸಾವಿರ ರೂಪಾಯಿ.